ಕಿಸೆ ಝಾಡಿಸಿ ಬರ್ರಿ

ದುರ್ಗದಬೈಲ್, ಹುಬ್ಬಳ್ಳಿ
೨೭ ಅಕ್ಟೋಬರ್ ೨೦೨೫, ಸೋಮವಾರ

ಗೆಳೆಯ ಉದಯಕುಮಾರನಿಗೆ ಕಮರುದ್ದೀನನ ಸಲಾಮು.

ನಾವೆಲ್ಲ ಇಲ್ಲಿ ಕ್ಷೇಮ. ನೀವು ಅಲ್ಲಿ ಕ್ಷೇಮವೇ ಎಂದು ಬೇರೆ ಕೇಳಬೇಕಾಗಿಲ್ಲ. ನಿನ್ನೆ ಬೈರಿದೇವರಕೊಪ್ಪದ ನಿನ್ನ ಅಂಗಳದಿಂದ ಬಂದ ನನ್ನವಳು ಮಾಬೂಬಿ, ಚಪ್ಪಲಿ ಬಿಡುವ ಮೊದಲೇ ನಿನ್ನ ಸುದ್ದಿಯನ್ನೆಲ್ಲ ಒಪ್ಪಿಸಿದಳು. ನೀನೀಗ ಹಾರ್ಮೋನಿಯಂ ಕಲಿಯುತ್ತಿದ್ದೀಯಂತೆ. ಮೊನ್ನೆ ಈಜು, ಅದಕ್ಕೂ ಮೊದಲು ಸೈಕಲ್ಲು, ಈಗ ಹಾರ್ಮೋನಿಯಂ. ಕಲಿಯಪ್ಪ, ಒಂದನ್ನೂ ಬಿಡಬೇಡ.

ಉತ್ತರ ಕೊಡುವುದು ತಡವಾಯಿತು, ಮನ್ನಿಸು. ಇದೇ ಐದನೆಯ ತಾರೀಖಿನ ಭಾನುವಾರ ನೀನು ನಿನ್ನ ಅಂಗಳದ ಕೂಟದಲ್ಲಿ ಇಪ್ಪತ್ತು ಜನರ ಎದುರು ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದೆಯಲ್ಲ, "ಕಮ್ರೂ, ನವೆಂಬರ್ ಒಂಬತ್ತಕ್ಕ ಧಾರವಾಡದಾಗ ಮಾಸ್ತರಗೋಳ ಸಭಾ ಐತಿ. ಆ ಬೆಂಕಿ ಕತಿ ಅಲ್ಲಿ ಹೇಳಾಂವ ಇದ್ದೇನಿ. ನಿಮ್ಮಪ್ಪಾರು ಈಗಿಲ್ಲ. ಅವರ ಬದ್ಲಿ ನೀ ಸ್ಟೇಜಿಗೆ ಬಾ. ಎಲ್ಲಾರ ಮುಂದ ನಿನಗ ಕೈ ಮುಗದು ಕ್ಷಮಾ ಕೇಳ್ತೇನಿ. ಐವತ್ತೊಂದು ವರ್ಷದ ಭಾರ ಇಳೀಲಿ." ಜನ ಚಪ್ಪಾಳೆ ತಟ್ಟಿದರು. ನಾನು "ನೋಡೂಣು" ಎಂದೆ. ನೀನು ಕೈ ತೆಗೆದ ಮೇಲೂ ಆ ಹೆಗಲನ್ನು ನಾನು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಆಮೇಲೆ ನೀನು ಏಳು ಸಲ ಫೋನು ಮಾಡಿದೆ. ಪ್ರತಿ ಸಲವೂ ನಾನು ಅಂಗಡಿಯಲ್ಲಿ ಗಿರಾಕಿ ಇದ್ದಾರೆ ಎಂದೆ. ಅದು ಸುಳ್ಳು. ಫೋಮಿನ ಗಾದಿ ಬಂದ ಮೇಲೆ ಹತ್ತಿ ಗಾದಿಯ ಅಂಗಡಿಗೆ ಅಷ್ಟು ಗಿರಾಕಿ ಎಲ್ಲಿಂದ ಬರಬೇಕು?

ಏಳೆಂಟು ಕಿಲೋಮೀಟರು ದೂರದಲ್ಲಿರುವವನಿಗೆ ಟಪಾಲಿನಲ್ಲಿ ಕಾಗದವೇ ಎಂದು ನೀನು ನಗಬಹುದು. ಮೊಬೈಲಿನಲ್ಲಿ ಮೂರು ಸಲ ಬರೆದೆ, ಮೂರು ಸಲವೂ ಅಳಿಸಿದೆ. ಬಾಯಿಬಿಟ್ಟು ಹೇಳೋಣವೆಂದರೆ ನೀನು ನಡುವೆ "ಹೌದು ಹೌದು" ಎಂದು ತಲೆದೂಗಿ, ನಾನು ಹೇಳುವುದನ್ನು ನೀನೇ ಹೇಳಿ ಮುಗಿಸುತ್ತೀಯ. ಕಾಗದದ ಮೇಲಾದರೆ ಬರೆದದ್ದು ಬರೆದ ಹಾಗೇ ಉಳಿಯುತ್ತದೆ. ಇದರ ಜೊತೆಗೆ ಅರಳೆಯಲ್ಲಿ ಸುತ್ತಿದ ಒಂದು ಸಣ್ಣ ಗಂಟು ಇದೆ. ಪತ್ರ ಪೂರ್ತಿ ಓದುವ ತನಕ ಅದನ್ನು ಬಿಚ್ಚಬೇಡ. ನಿನ್ನ ಆತುರ ನನಗೆ ಗೊತ್ತು, ಆದರೂ ಇಷ್ಟು ಮಾತು ನಡೆಸಿಕೊಡು.

ಉದಯ, ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು. ಇವತ್ತು ನಿನ್ನೆಯದಲ್ಲ, ಹನ್ನೊಂದು ವರ್ಷದವನಿದ್ದಾಗಿನದು. ನಡುವೆ ಸ್ವಲ್ಪ ಆರಿದ್ದೂ ಉಂಟು. ನಿನ್ನನ್ನು ದೂರದ ಊರುಗಳಿಗೆ ವರ್ಗ ಮಾಡುತ್ತಿದ್ದಾಗ, ಕಲಘಟಗಿ ಕಡೆಯ ಸರಕಾರಿ ಶಾಲೆಯಲ್ಲಿ ಹೆಡ್ ಮಾಸ್ತರನಾಗಿ ನೀನು ಮಕ್ಕಳ ಹಾಜರಿ ಪುಸ್ತಕದಲ್ಲಿ ಮುಳುಗಿದ್ದಾಗ, ವರ್ಷಕ್ಕೊಮ್ಮೆ ರಂಜಾನಿಗೆ ಬಂದು ಸುರಕುಂಬಾ ಕುಡಿದು ಹೋಗುತ್ತಿದ್ದೆ. ಅಷ್ಟನ್ನು ನಾನು ಸಲೀಸಾಗಿ ಸಹಿಸುತ್ತಿದ್ದೆ. ನಿವೃತ್ತಿಯಾಗಿ ಹುಬ್ಬಳ್ಳಿಗೆ ಬಂದು ಮನೆ ಕಟ್ಟಿದೆ ನೋಡು, ಅಲ್ಲಿಂದ ಮತ್ತೆ ಶುರುವಾಯಿತು. ಮನೆಗಲ್ಲ. ಅಂಥ ಮನೆ ಯಾರು ಬೇಕಾದರೂ ಕಟ್ಟುತ್ತಾರೆ. ಅರವತ್ತಕ್ಕೆ ಅರಳುಮರಳು ಎನ್ನುತ್ತಾರೆ. ನೀನು ನೋಡಿದರೆ ಅರವತ್ತು ದಾಟಿ ರಬ್ಬರಿನ ಚಕ್ರ ಹಾಕಿಕೊಂಡು ಆರು ವರ್ಷದ ಮಕ್ಕಳ ನಡುವೆ ನೀರಿಗೆ ಇಳಿದೆ, ಮುಳುಗಿ ನೀರು ಕುಡಿದೆ, ಅದನ್ನೂ ನಗುತ್ತ ಹೇಳಿದೆ. ಒಬ್ಬ ಮನುಷ್ಯನಿಗೆ ಇಷ್ಟೊಂದು ಸಂತೋಷ ಯಾಕೆ ಬೇಕು ಎಂದು ನನಗೆ ಸಿಟ್ಟು ಬಂತು.

ಜೂನ್ ತಿಂಗಳಲ್ಲಿ ಮಾಬೂಬಿ ನನ್ನನ್ನು ಎಳೆದುಕೊಂಡು ನಿನ್ನ ಭಾನುವಾರದ ಕೂಟಕ್ಕೆ ಬಂದದ್ದು ನೆನಪಿದೆಯೇ? "ಒಂದ ಸಲ ಬಂದು ನೋಡ್ರಿ, ಮನಸ್ಸು ಹಗುರಾಗತೈತಿ" ಎಂದಿದ್ದಳು. ನಿನ್ನ ಗೇಟಿನ ಬಳಿ ಸ್ಟೂಲಿನ ಮೇಲೆ ದೊಡ್ಡ ಹಿತ್ತಾಳೆ ತಾಟು ಇಟ್ಟಿದ್ದೆ. ಬಂದವರು ಫೋನು, ಕೀಲಿಕೈ, ಹಣದ ಪಾಕೀಟು ಎಲ್ಲ ಅದರಲ್ಲಿಟ್ಟು ಒಳಗೆ ಹೋಗುತ್ತಿದ್ದರು. ನೀನು ಪಕ್ಕದಲ್ಲಿ ನಿಂತು ಬಾಯ್ತುಂಬ ಹೇಳುತ್ತಿದ್ದೆ, "ಕಿಸೆ ಝಾಡಿಸಿ ಬರ್ರಿ! ಕಿಸೆ ಝಾಡಿಸಿ ಬರ್ರಿ!"

ಅದು ನನ್ನ ಅಪ್ಪ ಮಲ್ಲಿಕಸಾಬನ ಮಾತು. ಅದೇ ಧಾಟಿ, ಅದೇ ಎತ್ತರದ ದನಿ. ಅವನು ತೀರಿಕೊಂಡು ಇಪ್ಪತ್ತೇಳು ವರ್ಷ. ನನ್ನ ಬಾಯಲ್ಲಿ ಆ ಮಾತು ಒಂದು ದಿನವೂ ಬಂದಿಲ್ಲ. ನಿನ್ನ ಬಾಯಲ್ಲಿ ಕೇಳಿ ನನ್ನ ಕಾಲು ಗೇಟಿನಲ್ಲೇ ನಿಂತುಬಿಟ್ಟಿತು. ನೀನು ಅದನ್ನು ಸಂಕೋಚ ಎಂದುಕೊಂಡು ಕೈಹಿಡಿದು ಒಳಗೆ ಕರೆದೊಯ್ದೆ.

ಒಳಗೆ ಐದು ನಿಮಿಷ ಸುಮ್ಮನೆ ಕೂರುವುದು, ಆಮೇಲೆ ಒಬ್ಬೊಬ್ಬರು ಚಿಕ್ಕಂದಿನ ಒಂದು ನೆನಪು ಹೇಳುವುದು. ಅಷ್ಟೇ ನಿನ್ನ ಕೂಟ. ಇದಕ್ಕೆ ಜನ ಏಳುತ್ತಲೇ ಸ್ನಾನ ಮಾಡಿ ಬರುತ್ತಾರೆಯೇ ಎಂದು ನನಗೆ ನಗು ಬಂತು. ನೀಲಕಂಠಪ್ಪ ಮಾಸ್ತರರು ಎಳೆ ಜೋಳದ ಸೀತನಿ ಸುಟ್ಟು ತಿಂದದ್ದು ಹೇಳಲು ಹೋಗಿ, ಅಂಗೈಯಲ್ಲಿ ಜೋಳ ತಿಕ್ಕುವ ಹಾಗೆ ಕೈ ಆಡಿಸುತ್ತ ಅತ್ತರು. ಸರಿ, ವಯಸ್ಸಾದವರು ಎಂದುಕೊಂಡೆ. ಆಮೇಲೆ ಮಾಬೂಬಿಯ ಸರದಿ ಬಂತು.

"ನಾ ಹತ್ತು ವರ್ಷದಾಕಿ ಇದ್ದಾಗ ಹುಣಸಿ ಗಿಡ ಏರಿ ಸೀಟಿ ಹೊಡೀತಿದ್ನಿರಿ. ನಮ್ಮ ಆಡು ಎಲ್ಲಿದ್ರೂ ಓಡಿ ಬರ್ತಿದ್ವು" ಎಂದಳು.

ನೀನು ಕೇಳಿದೆ, "ಈಗೂ ಬರ್ತೈತೇನ್ರಿ ಅಕ್ಕಾರ?"

ನನ್ನ ಹೆಂಡತಿ ಸೆರಗು ಸರಿಮಾಡಿಕೊಂಡಳು, ಆಕಡೆ ಈಕಡೆ ನೋಡಿದಳು, ಎರಡು ಬೆರಳು ಬಾಯಿಗಿಟ್ಟು ಹೊಡೆದಳು ನೋಡು! ಪಕ್ಕದ ಖಾಲಿ ಜಾಗದಲ್ಲಿ ಮಲಗಿದ್ದ ನಾಯಿ ಎದ್ದು ಓಡಿಬಂತು. ನೀವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ಅವಳೂ ನಕ್ಕಳು, ಕಣ್ಣಲ್ಲಿ ನೀರು ಬರುವ ಹಾಗೆ. ಆ ನಗುವನ್ನು ನಾನು ಅದೇ ಮೊದಲು ನೋಡಿದ್ದು.

ಮನೆಗೆ ಬಂದು ಜಗಳ ತೆಗೆದೆ. "ಮೂವತ್ತೆಂಟು ವರ್ಷ ಆತು ಲಗ್ನ ಆಗಿ. ನಿನಗ ಸೀಟಿ ಹೊಡ್ಯಾಕ ಬರ್ತೈತಿ ಅಂತ ನನಗ ಯಾಕ ಹೇಳಿಲ್ಲ?"

"ನೀವು ಎಂದರ ಕೇಳೀರೇನ್ರಿ? ಉದಯಣ್ಣಾರು ಕೇಳಿದ್ರು, ಹೇಳ್ದೆ" ಎಂದು ರೊಟ್ಟಿ ತಟ್ಟಲು ಕುಳಿತಳು.

ಈಗ ಚಹಾ ಆದರೆ ಸೀಟಿ, ಊಟಕ್ಕೆ ಸೀಟಿ. ಮೊಮ್ಮಗಳು ಹುಸ್ನಾ ಬೆರಳು ಬಾಯಿಗಿಟ್ಟು ಉಗುಳು ಸಿಡಿಸುತ್ತ ಕಲಿಯುತ್ತಿದ್ದಾಳೆ. ಮನೆ ಮೊದಲಿಗಿಂತ ಖುಷಿಯಾಗಿದೆ, ಅದು ಖರೆ. ಆದರೆ ಪ್ರತಿ ಸಲ ಆ ಸೀಟಿ ಕೇಳಿದಾಗ, ಇದು ನನ್ನ ಮನೆಯಲ್ಲಿ ಇದ್ದದ್ದು, ಹುಡುಕಿ ತೆಗೆದವನು ಮಾತ್ರ ಉದಯ ಎಂದುಕೊಳ್ಳುತ್ತೇನೆ. ಇಂಥ ಸಣ್ಣತನವನ್ನು ಬರೆಯಲು ನಾಚಿಕೆ. ಆದರೂ ಬರೆದಿದ್ದೇನೆ.

ಅಂದು ಕೊನೆಗೆ ನನ್ನ ಸರದಿ ಬಂತು. "ನನಗೇನೂ ನೆನಪಿಲ್ಲರಿ" ಎಂದೆ. ಮುಂದಿನ ವಾರವೂ ಅದನ್ನೇ ಹೇಳಿದೆ. ಅದರ ಮುಂದಿನ ವಾರವೂ ಅಷ್ಟೇ. ನೀನು ದಡ್ಡ ಹುಡುಗನಿಗೆ ಹೇಳುವಂತೆ ಬೆನ್ನು ಸವರಿ, "ಇರ್ಲಿ ಬಿಡು ಕಮ್ರೂ, ಅವಸರ ಇಲ್ಲ. ನೆನಪು ತಾನ ಬರ್ತೈತಿ" ಎಂದೆ. ನನಗೆ ನೆನಪಿಲ್ಲದ್ದು ಏನಿದೆ ಹೇಳು? ನಿನಗಿಂತ ಚೆನ್ನಾಗಿ ನೆನಪಿದೆ.

ನಮ್ಮ ಅಂಗಡಿಯ ಹಿಂದಿನ ಅರಳೆಯ ಕೋಣೆ ನೆನಪಿದೆ. ಮಾಡಿನಲ್ಲಿದ್ದ ಒಂದು ಗಾಜಿನ ಹಂಚಿನಿಂದ ಬಿಸಿಲು ಕೋಲಿನ ಹಾಗೆ ಇಳಿದು, ಅದರೊಳಗೆ ಹತ್ತಿಯ ಧೂಳು ಮೇಲೆ ಕೆಳಗೆ ಆಡುತ್ತಿತ್ತು. ಜನರ ಹಳೆಯ ಗಾದಿಗಳನ್ನು ಬಿಚ್ಚಿ ಹಾಕಿದ ಅರಳೆಯ ರಾಶಿ. ಅದರಲ್ಲಿ ಎಷ್ಟೋ ಮನೆಗಳ ವಾಸನೆ, ಕೊಬ್ಬರಿ ಎಣ್ಣೆಯದು, ಎಳೆಗೂಸಿನದು, ಜ್ವರದ ಬೆವರಿನದು. ಗೋಡೆಯ ಬದಿಗೆ ಕುಳಿತು ನಿನ್ನ ಅವ್ವ ಮುದಕವ್ವ ಅರಳೆಯಲ್ಲಿನ ಬೀಜ, ಕಸ, ದಾರದ ತುಂಡು ಆರಿಸುತ್ತಿದ್ದಳು. ಶಾಲೆ ಬಿಟ್ಟ ಕೂಡಲೇ ನೀನು ಅಲ್ಲಿಗೆ ಓಡಿ ಬರುತ್ತಿದ್ದೆ. ನಾವಿಬ್ಬರೂ ಅಟ್ಟ ಹತ್ತಿ ರಾಶಿಯೊಳಗೆ ಹಾರುತ್ತಿದ್ದೆವು. ಕಿವಿ ಮುಚ್ಚಿಹೋಗಿ, ದುರ್ಗದಬೈಲಿನ ಗದ್ದಲವೆಲ್ಲ ಒಮ್ಮೆಲೇ ನಿಂತುಬಿಡುತ್ತಿತ್ತು. ನಿನ್ನ ಕೂಟದಲ್ಲಿ ಐದು ನಿಮಿಷ ಕಣ್ಣು ಮುಚ್ಚಿ ಹುಡುಕುತ್ತೀರಲ್ಲ, ಆ ನಿಶ್ಶಬ್ದ ನಮಗೆ ದಿನಾ ಸಂಜೆ ಪುಕ್ಕಟೆ ಸಿಗುತ್ತಿತ್ತು. ಅಪ್ಪ ಬೈಯುತ್ತಿರಲಿಲ್ಲ. "ಕುಣೀರಿ, ಕುಣೀರಿ, ಗಂಟು ಬಿಡ್ತಾವ" ಎನ್ನುತ್ತಿದ್ದ.

ಆದರೆ ಒಂದು ಕಟ್ಟಳೆ ಇತ್ತು. ಅಪ್ಪ ಹಿಂದಿನ ವರ್ಷವಷ್ಟೇ ಹತ್ತಿ ಹಿಂಜುವ ಯಂತ್ರ ತಂದಿದ್ದ. ಅದರ ಉರುಳೆಗೆ ಮೈಯೆಲ್ಲ ಉಕ್ಕಿನ ಹಲ್ಲು. "ಹತ್ತಿಗೆ ಕಬ್ಬಿಣ ವೈರಿ. ಒಂದು ಸಣ್ಣ ಮೊಳಿ ಸಿಕ್ರ ಸಾಕು, ಕಿಡಿ ಹಾರತೈತಿ" ಎನ್ನುತ್ತಿದ್ದ. ಹೊಸ್ತಿಲ ಬಳಿ ಹಿತ್ತಾಳೆ ತಾಟು. ಒಳಗೆ ಬರುವವರು ಯಾರೇ ಇರಲಿ, ಕಿಸೆಯಲ್ಲಿದ್ದದ್ದನ್ನೆಲ್ಲ ಅದರಲ್ಲಿ ಹಾಕಿ ಬರಬೇಕು. ಮುದಕವ್ವ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನನ್ನು ಹಾಕುತ್ತಿದ್ದಳು. ನೀನು ಗೋಲಿ ಹಾಕುತ್ತಿದ್ದೆ. ನನ್ನ ಕಿಸೆಯನ್ನು ಮಾತ್ರ ಯಾರೂ ನೋಡುತ್ತಿರಲಿಲ್ಲ. ಪಿಂಜಾರನ ಮಗನಿಗೆ ಬೇರೆ ಹೇಳಬೇಕೇ ಎಂಬ ನಂಬಿಕೆ.

ಇನ್ನು ಹೊಟ್ಟೆಕಿಚ್ಚು ಹುಟ್ಟಿದ ದಿನವನ್ನೂ ಹೇಳುತ್ತೇನೆ. ಯಂತ್ರ ಬಂದ ಮೇಲೆ ಅಪ್ಪನ ಹಳೆಯ ಹಿಂಜುವ ಬಿಲ್ಲು ಮೂಲೆಯಲ್ಲಿ ನೇತಾಡುತ್ತಿತ್ತು. ಎರಡು ವರ್ಷದಿಂದ ಅದನ್ನು ಮೀಟಲು ಕಲಿಯುತ್ತಿದ್ದವನು ನಾನು. ಒಂದು ಸಂಜೆ ನೀನು ಸುಮ್ಮನೆ ಕೈಗೆ ತೆಗೆದುಕೊಂಡು ಕೊಡತಿಯಿಂದ ಹೊಡೆದೆ. ಝೇಂ ಎಂದಿತು. ಅರಳೆ ಎದ್ದು ಹಾರಿತು. ಅಪ್ಪ ಕೈಯಲ್ಲಿದ್ದ ಸೂಜಿ ಕೆಳಗಿಟ್ಟು, "ಈ ಹುಡುಗನ ಕೈಯಾಗ ಬಿಲ್ಲು ಮಾತಾಡ್ತೈತಲ್ಲೋ!" ಎಂದ. ನನ್ನ ಎರಡು ವರ್ಷಕ್ಕೆ ಅವನು ಒಂದು ಮಾತೂ ಆಡಿರಲಿಲ್ಲ. ಅವತ್ತು ನಾನು ಊಟ ಬಿಟ್ಟೆ. ಹೊಟ್ಟೆ ನೋವು ಎಂದು ಅಮ್ಮ ಓಮಿನ ಕಾಳು ಕೊಟ್ಟಳು.

ಅಷ್ಟಕ್ಕೇ ನಿಲ್ಲಲಿಲ್ಲ. ನಿನ್ನ ಸೋದರಮಾವ ಶಿದ್ದಪ್ಪ ಗುಜರಿಯಿಂದ ಬೇರಿಂಗಿನ ಒಂದು ಉಕ್ಕಿನ ಗುಂಡು ತಂದುಕೊಟ್ಟ. ನೆಲ್ಲಿಕಾಯಿಯಷ್ಟು ದಪ್ಪ, ಮುಖ ಕಾಣುವಷ್ಟು ಹೊಳಪು. ಓಣಿಯ ಎಲ್ಲರ ಗಾಜಿನ ಗೋಲಿಗಳು ಅದಕ್ಕೆ ಹೆದರಿದವು. ನಾನು ಅದನ್ನೇ ನೋಡುತ್ತಿದ್ದದ್ದು ಕಂಡು ನೀನು, "ತಗೋ, ಎರಡು ದಿನ ನಿನ್ನ ಹತ್ರ ಇಟ್ಕೋ" ಎಂದೆ. "ನನಗ್ಯಾಕ ಬೇಕು ನಿಂದು?" ಎಂದು ಮುಖ ತಿರುಗಿಸಿದೆ. ಕೊಡುವುದರಲ್ಲೂ ನೀನೇ ಮುಂದೆ ಎಂದು ಇನ್ನಷ್ಟು ಉರಿಯಿತು.

ಮೊಮ್ಮಗಳು ಶಾಲೆಯಿಂದ ಬಂದಳು. ಉಳಿದದ್ದು ನಾಳೆ ಬರೆಯುತ್ತೇನೆ.

ಮಂಗಳವಾರ, ಮಧ್ಯಾಹ್ನ

ನಿನ್ನೆಯದನ್ನು ಈಗ ಓದಿ ನೋಡಿದೆ. ಹರಿದು ಹಾಕೋಣವೆನ್ನಿಸಿತು. ಅಷ್ಟರಲ್ಲಿ ಲಕಮನಹಳ್ಳಿಯಿಂದ ಒಬ್ಬಳು ಬಾಣಂತಿಯ ತಾಯಿ ಬಂದು, ಕೂಸಿಗೆ ಹತ್ತಿಯದೇ ಸಣ್ಣ ಗಾದಿ ಬೇಕು ಎಂದಳು. "ಫೋಮಿನದು ಕಾವು ಆಗತೈತ್ರಿ" ಎಂದಳು. ಅವಳಿಗೆ ಅಳತೆ ಕೇಳಿ, ಕೂಸಿನ ಹೆಸರು ಕೇಳಿದೆ. ನಲವತ್ತು ವರ್ಷ ಅಂಗಡಿ ನಡೆಸಿದವನು ಗಿರಾಕಿಯನ್ನು ಹೀಗೆಲ್ಲ ಕೇಳಿದ್ದು ಇದೇ ಮೊದಲು. ಅವಳು ಹಿಗ್ಗಿ ಇನ್ನೂ ಹೆಸರಿಟ್ಟಿಲ್ಲ ಎಂದು ಅರ್ಧ ತಾಸು ಮಾತಾಡಿ ಹೋದಳು. ನಿನ್ನ ಕೂಟದ ರೋಗ ನನಗೂ ತಗುಲಿದೆ ಎಂದು ಕಾಣುತ್ತದೆ. ಅವಳು ಹೋದ ಮೇಲೆ ಪತ್ರ ಹರಿಯಲಿಲ್ಲ.

ಇನ್ನು ಬೆಂಕಿಯ ಮಾತು. ನೀನು ಕೂಟದಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ, ತಪ್ಪಿದ್ದರೆ ತಿದ್ದು. ಸಾವಿರದ ಒಂಬೈನೂರಾ ಎಪ್ಪತ್ನಾಲ್ಕು, ಒಂದು ಶನಿವಾರ. ಅಪ್ಪ ಮುಂದೆ ಗಿರಾಕಿಯ ಸಂಗಡ ಇದ್ದ. ನಾವಿಬ್ಬರೂ ಹಾರಿ ಕುಣಿದು ಹೊರಗೆ ಬಂದೆವು. ಆಮೇಲೆ ಅಪ್ಪ ಆ ಅರಳೆಯನ್ನು ಯಂತ್ರಕ್ಕೆ ಒಡ್ಡಿದ. ಕಟಾರ್ ಎಂದು ಸದ್ದಾಯಿತು, ಕಿಡಿ ಹಾರಿತು, ಕಣ್ಣು ಮುಚ್ಚಿ ತೆರೆಯುವುದರೊಳಗೆ ಕೋಣೆಯ ತುಂಬ ಬೆಂಕಿ. ಜನ ಸೇರಿ ನೀರು ಸುರಿದರು. ಅಪ್ಪನ ಬಲಗಡೆಯ ಹುಬ್ಬು ಸುಟ್ಟುಹೋಯಿತು. ಅದು ಮತ್ತೆ ಬೆಳೆಯಲೇ ಇಲ್ಲ. ಬೂದಿಯಲ್ಲಿ ಕೆದಕಿ ಅವನು ಉಕ್ಕಿನ ಗುಂಡನ್ನು ಹೊರತೆಗೆದ. "ಯಾರದಿದು?" ಎಂದ.

ನೀನು ಮುಂದೆ ಬಂದು, "ನಂದರಿ ಕಾಕಾ" ಎಂದೆ.

ಹನ್ನೊಂದು ವರ್ಷದ ಹುಡುಗ! ಯಾರೂ ನಿನ್ನನ್ನು ಹಿಡಿದಿರಲಿಲ್ಲ, ಓಡಿಹೋಗಬಹುದಿತ್ತು. ಅಪ್ಪ ನಿನ್ನನ್ನು ಹೊಡೆಯಲಿಲ್ಲ, ತಲೆ ಸವರಿ "ಹೋಗು, ಸಾಲಿ ಕಲಿ" ಎಂದ. ಮರುದಿನದಿಂದ ಮುದಕವ್ವ ಕೆಲಸಕ್ಕೆ ಬರಲಿಲ್ಲ. ಅಪ್ಪ ಕರೆಯಲು ಹೋದರೆ ಬಾಗಿಲ ಮರೆಯಲ್ಲೇ ನಿಂತು, "ನನ್ನ ಮಗನಿಂದ ನಿಮ್ಮ ಅನ್ನ ಸುಟ್ಟೈತಿ. ಯಾವ ಮಾರಿ ಹೊತ್ಕೊಂಡು ಬರ್ಲಿರಿ?" ಎಂದಳಂತೆ. ನಿನ್ನನ್ನು ಧಾರವಾಡದ ಹಾಸ್ಟೆಲಿಗೆ ಸೇರಿಸಿದಳು.

ನೀನು ಕೂಟದಲ್ಲಿ ಹೇಳಿದ್ದು ನನಗೆ ಬಾಯಿಪಾಠವಾಗಿದೆ: "ಆ ದಿನ ಕಿಸೆ ಝಾಡಿಸಿದ್ನೋ ಇಲ್ಲೋ, ನನಗ ಇವತ್ತಿಗೂ ನೆನಪಾಗವಲ್ದು. ಇಟ್ಟಂಗ ಅನಸ್ತೈತಿ, ಆದ್ರ ಇಟ್ಟಿದ್ರ ಅದು ಹತ್ತಿಯಾಗ ಹೆಂಗ ಬರ್ತಿತ್ತು? ಅವತ್ತಿಂದ ನನ್ನ ಮನಸ್ಸನ್ನ ನಾ ನಂಬೂದು ಬಿಟ್ಟೆ. ಏನ ಮಾಡಿದ್ರೂ ಬಾಯಿಬಿಟ್ಟು ಹೇಳಿ ಮಾಡ್ತೇನಿ. ಅದ ನನಗ ಧ್ಯಾನ ಆತು." ಜನ ತಲೆದೂಗಿದರು. ಬಾಗಿಲು ಹಾಕುವಾಗ "ಕೀಲಿ ಹಾಕೇನಿ" ಎಂದು, ಒಲೆ ಆರಿಸಿ "ಗ್ಯಾಸ್ ಬಂದ್ ಮಾಡೇನಿ" ಎಂದು ನೀನು ಗಟ್ಟಿಯಾಗಿ ಹೇಳುತ್ತೀಯೆಂದು ನಿನ್ನ ಮನೆಯವರು ಸಂಘಮಿತ್ರಾ ಬಾಯಿ ನಕ್ಕರು. "ಲಗ್ನ ಆದಾಗಿಂದ ನಾ ಈ ಮನಿಗೆ ಸಾಕ್ಷಿ ನೋಡ್ರಿ" ಎಂದರು. ಎಲ್ಲರೂ ನಕ್ಕರು. ನಾನು ನನ್ನ ಚಪ್ಪಲಿ ನೋಡುತ್ತ ಕುಳಿತಿದ್ದೆ.

ನೀನು ಮುಂದುವರಿಸಿ, "ಆ ಬೆಂಕಿ ಬೀಳದಿದ್ರ ನಾನೂ ಅವ್ವನ ಮಗ್ಗಲಿಗೆ ಕುಂತು ಅರಳಿ ಆರಿಸ್ತಿದ್ದೆ. ನನ್ನ ತಪ್ಪ ನನಗ ಗುರು ಆತು" ಎಂದಾಗ ನನ್ನ ಹೊಟ್ಟೆಕಿಚ್ಚಿಗೆ ಮಿತಿಯಿರಲಿಲ್ಲ. ಬೆಂಕಿ ನಮ್ಮದು, ಕೋಣೆ ನಮ್ಮದು, ಹುಬ್ಬು ನನ್ನಪ್ಪನದು. ಲಾಭ ಮಾತ್ರ ನಿನಗೆ! ಆ ವರ್ಷ ಅರಳೆಯ ಕೋಣೆಯ ಬಾಗಿಲು ಮಕ್ಕಳ ಆಟಕ್ಕೆ ಮುಚ್ಚಿತು. ಏಳನೆಯ ಇಯತ್ತೆಗೆ ನಾನು ಶಾಲೆ ಬಿಟ್ಟು ಯಂತ್ರದ ಮುಂದೆ ನಿಂತೆ. ಆಮೇಲೆ ಅಪ್ಪ ನನ್ನ ಕೂಡ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಿದ್ದು ಕಡಿಮೆ. ನೀನು ಆ ಒಂದು ದಿನದಿಂದ ಒಂದು ಬಾಳನ್ನೇ ಕಟ್ಟಿದೆ. ನಾನು ಅದೇ ದಿನದ ಹೊಸ್ತಿಲಲ್ಲಿ ಇನ್ನೂ ನಿಂತಿದ್ದೇನೆ.

ಆದ್ದರಿಂದ ಉದಯ, ಒಂಬತ್ತನೆಯ ತಾರೀಖು ನಾನು ವೇದಿಕೆಗೆ ಬರುವುದಿಲ್ಲ. ನೀನು ಕೈ ಮುಗಿಯುವುದನ್ನು ನನ್ನಿಂದ ನೋಡಲು ಆಗದು. ಬೇರೆ ಯಾವ ಕತೆಯನ್ನಾದರೂ ಹೇಳು. ಈಜಲು ಹೋಗಿ ನೀರು ಕುಡಿದದ್ದನ್ನು ಹೇಳು, ಮಾಸ್ತರರು ನಗುತ್ತಾರೆ.

ಸಂಘಮಿತ್ರಾ ಬಾಯಿಯವರಿಗೆ ನನ್ನ ನಮಸ್ಕಾರ, ಮಕ್ಕಳಿಗೆ ದುವಾ. ನಿನ್ನ ಮೊಣಕಾಲು ನೋವಿಗೆ ಮಾಬೂಬಿ ಕಾಯಿಸಿಟ್ಟ ಎಣ್ಣೆ ಇದೆ, ಮುಂದಿನ ಭಾನುವಾರ ತರುತ್ತಾಳೆ. ಅಲ್ಲಾಹನು ನಿನಗೆ ನೂರು ವರ್ಷ ಕೊಡಲಿ, ನೂರರಲ್ಲೂ ಏನಾದರೂ ಹೊಸತು ಕಲಿಯುವ ಹುರುಪು ಕೊಡಲಿ. ಇದನ್ನು ಹೊಟ್ಟೆಕಿಚ್ಚು ಬಿಟ್ಟು, ಮನಸಾರೆ ಬರೆದಿದ್ದೇನೆ.

ನಿನ್ನ
ಕಮರುದ್ದೀನ ಮಲ್ಲಿಕಸಾಬ ನದಾಫ

ತಾ. ಕ.: ಸಹಿ ಮಾಡಿ ಪತ್ರವನ್ನು ಮಾಬೂಬಿಗೆ ಓದಿ ಹೇಳಿದೆ. ಅವಳು, "ಬರೂದಿಲ್ಲ ಅಂತ ಬರದೀರಿ, ಯಾಕಂತ ಎಲ್ಲಿ ಬರದೀರಿ?" ಎಂದಳು. ಅವಳಿಗೂ ಹೇಳಿರಲಿಲ್ಲ. ಈಗ ಹೇಳಿದೆ. ಕೇಳಿ ಮುಗಿದ ಮೇಲೆ, "ಇದನ್ನ ಮೊದಲ ಬರೀಬೇಕಿತ್ರಿ" ಎಂದಳು. ನಿಜ. ಮೊದಲು ಬರೆಯುವ ಧೈರ್ಯವಿದ್ದಿದ್ದರೆ ಐವತ್ತೊಂದು ವರ್ಷ ಯಾಕೆ ಬೇಕಿತ್ತು?

ಆ ಶನಿವಾರ ನೀನು ನನಗಿಂತ ಮುಂದೆ ಓಡಿದೆ. ನಾನು ಹಿಂದೆ ಬಂದೆ. ತಾಟಿನಲ್ಲಿ ನಿನ್ನ ಗುಂಡು ಒಂದೇ ಇತ್ತು, ಹೊಳೆಯುತ್ತಿತ್ತು. ಕೊಡುತ್ತೇನೆ ಎಂದಾಗ ಬೇಡವೆಂದವನು, ಯಾರೂ ಇಲ್ಲದಾಗ ಎತ್ತಿ ಕಿಸೆಗೆ ಹಾಕಿಕೊಂಡೆ. ನನ್ನ ಕಿಸೆ ನೋಡುವವರು ಯಾರೂ ಇರಲಿಲ್ಲವಲ್ಲ. ಅಟ್ಟದಿಂದ ಹಾರಿದೆ. ರಾಶಿಯಿಂದ ಏಳುವಾಗ ಕಿಸೆ ಮುಟ್ಟಿ ನೋಡಿದೆ, ಅದು ಇರಲಿಲ್ಲ. ಅರಳೆಯಲ್ಲಿ ಕೈಯಾಡಿಸಿದೆ, ಸಿಗಲಿಲ್ಲ. ಅಪ್ಪನಿಗೆ ಹೇಳಿದರೆ ಕದ್ದದ್ದು ತಿಳಿಯುತ್ತದೆಂದು ಸುಮ್ಮನಾದೆ. ಅಪ್ಪ ಯಂತ್ರದ ಗುಂಡಿ ಒತ್ತುವಾಗಲೂ ನೋಡುತ್ತ ನಿಂತಿದ್ದೆ. ನೀನು "ನಂದರಿ ಕಾಕಾ" ಎಂದಾಗಲೂ ಬಾಯಿ ಬಿಡಲಿಲ್ಲ. ಕುಂಬಳಕಾಯಿ ಕಳ್ಳ ಯಾರೆಂದರೆ ಹೆಗಲು ಮುಟ್ಟಿ ನೋಡಿಕೊಂಡವನು ನಾನೇ.

ಅಪ್ಪನಿಗೆ ಗೊತ್ತಿತ್ತು. ಯಾವಾಗ ತಿಳಿಯಿತೋ ನಾನರಿಯೆ. ತೀರಿಕೊಳ್ಳುವ ಮೊದಲು ದಿಂಬಿನ ಕೆಳಗಿಂದ ಆ ಗುಂಡನ್ನು ತೆಗೆದು ನನ್ನ ಕೈಗಿಟ್ಟು, "ಯಾರಿಗೆ ಮುಟ್ಟಿಸಬೇಕು ನಿನಗ ಗೊತ್ತೈತಿ" ಎಂದ. ಇಪ್ಪತ್ತೇಳು ವರ್ಷ ಅದು ನನ್ನ ಗಲ್ಲಾಪೆಟ್ಟಿಗೆಯಲ್ಲಿತ್ತು. ಮುದಕವ್ವ ಹೋದ ವರ್ಷದ ಹಿಂದಿನ ವರ್ಷ ತೀರಿಕೊಂಡಾಗ ಅದನ್ನು ಕಿಸೆಯಲ್ಲಿಟ್ಟುಕೊಂಡೇ ನಿನ್ನ ಮನೆಗೆ ಬಂದಿದ್ದೆ. ಅವಳ ಮುಖ ನೋಡಿ, ಹಾಗೇ ಹಿಂದಿರುಗಿದೆ. ತನ್ನ ಮಗ ನಮ್ಮ ಅನ್ನ ಸುಟ್ಟನೆಂದೇ ನಂಬಿ ಹೋದಳು ಆ ತಾಯಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರದು. ಅವಳಿಗಂತೂ ನಾನಿನ್ನು ಏನನ್ನೂ ಕೊಡಲಾರೆ.

ಈಗ ಗಂಟು ಬಿಚ್ಚು. ಒಂದು ಮಗ್ಗುಲು ಕಪ್ಪಾಗಿದೆ, ಉಳಿದದ್ದು ಇನ್ನೂ ಹೊಳೆಯುತ್ತದೆ.

ಒಂಬತ್ತಕ್ಕೆ ನೀನು ಕರೆದರೆ ಧಾರವಾಡಕ್ಕೆ ಬರುತ್ತೇನೆ. ಆದರೆ ಕೈ ಮುಗಿಯುವವನು ನಾನು. ಕರೆಯದಿದ್ದರೂ ನನ್ನ ದೂರಿಲ್ಲ. ಇಷ್ಟು ಮಾತ್ರ ಕೇಳು: ಇನ್ನು ಮೇಲೆ ಕೀಲಿ ಹಾಕಿದೆ, ಒಲೆ ಆರಿಸಿದೆ ಎಂದು ಸಂಘಮಿತ್ರಾ ಬಾಯಿಯವರನ್ನು ಸಾಕ್ಷಿಗೆ ಕರೆಯಬೇಡ. ನಿನ್ನ ಮನಸ್ಸನ್ನು ನೀನು ನಂಬು. ನೀನು ಮರೆತಿರಲಿಲ್ಲ ಉದಯ. ತಾಟಿನಲ್ಲಿ ಇಟ್ಟೇ ಒಳಗೆ ಹೋಗಿದ್ದೆ. ನಾನು ನೋಡಿದ್ದೆ.